ಬೆಳಗಿನಕ್ಕ ಹೇಳಿದ್ದು

ಬೇಕರಿಯ ಸಾಲಿನಲ್ಲಿ ನಿಂತಿದ್ದಾಗ ಬೆಳಗಿನಕ್ಕನಿಗೆ ತನ್ನದೇ ದನಿ ಕೇಳಿಸಿತು. ಮುಂದೆ ನಿಂತಿದ್ದ ಹೆಂಗಸಿನ ಫೋನಿನಿಂದ ಬರುತ್ತಿತ್ತು. ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ಊರಿನ ರೇಡಿಯೊ ಕೇಂದ್ರದಲ್ಲಿ ಬೆಳಗಿನ ಸುದ್ದಿ, ನೀರು ಬಿಡುವ ಹೊತ್ತು, ತೀರಿಕೊಂಡವರ ಹೆಸರು, ಕಳೆದುಹೋದ ನಾಯಿಯ ಬಣ್ಣ ಎಲ್ಲವನ್ನೂ ವರ್ಷಗಳಿಂದ ಓದುತ್ತಿದ್ದವಳು ಅವಳೇ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದರೂ ಊರಿಗೆಲ್ಲ ಬೆಳಗಿನಕ್ಕ. ದನಿ ಮನೆಮನೆಗೂ ಗೊತ್ತು, ಮುಖ ಗೊತ್ತಿದ್ದವರು ಕೆಲವರೇ. ಮೈಕಿನ ಮುಂದೆ ಅರಳು ಹುರಿದ ಹಾಗೆ ಮಾತಾಡುವವಳು ಹೊರಗೆ ಬಂದರೆ ಮೌನಿ. ಬೇಕರಿಯಲ್ಲೂ ಬೆರಳು ತೋರಿಸಿ ಬ್ರೆಡ್ಡು ತೆಗೆದುಕೊಂಡು ಹೊರಟುಬಿಡುತ್ತಿದ್ದಳು.

ಆದರೆ ಆ ಫೋನಿನ ದನಿ ಹೇಳುತ್ತಿದ್ದ ಮಾತುಗಳನ್ನು ಅವಳು ಹೇಳಿರಲಿಲ್ಲ.

"ಬೆಳಗಿನಕ್ಕ ಮಾತಾಡ್ತಿದೀನಿ. ಸಂಜೆಯೊಳಗೆ ನಮ್ಮ ಊರಿನ ಮೇಲೆ ದಾಳಿ ಆಗುತ್ತೆ ಅಂತ ಖಚಿತ ಸುದ್ದಿ ಬಂದಿದೆ. ಮಕ್ಕಳನ್ನ, ವಯಸ್ಸಾದವರನ್ನ ಕರ್ಕೊಂಡು ದೊಡ್ಡ ಸೇತುವೆ ದಾಟಿ ಆಚೆ ದಡಕ್ಕೆ ಹೋಗಿ. ಗಾಬರಿ ಬೇಡ." ಇಲ್ಲಿ ದನಿ ಸಣ್ಣಗೆ ಗಂಟಲು ಸರಿಮಾಡಿಕೊಂಡಿತು. ಮುಖ್ಯವಾದದ್ದನ್ನು ಹೇಳುವ ಮುಂಚೆ ಅವಳು ಮಾಡಿಕೊಳ್ಳುತ್ತಿದ್ದ ಹಾಗೆಯೇ. "ಇನ್ನೊಂದು ಮಾತು. ಸ್ವಲ್ಪ ಹೊತ್ತಿಗೆ ನನ್ನ ದನಿಯಲ್ಲೇ, ಹೋಗಬೇಡಿ, ಮನೆಯಲ್ಲೇ ಇರಿ ಅಂತ ಸುದ್ದಿ ಬರಬಹುದು. ರೇಡಿಯೊದಲ್ಲೇ ಬರಬಹುದು. ಅದು ವೈರಿಗಳು ಕಂಪ್ಯೂಟರಿನಲ್ಲಿ ಮಾಡಿಸಿದ ದನಿ. ನಂಬಬೇಡಿ."

ಸಾಲು ಕ್ಷಣದಲ್ಲಿ ಒಡೆಯಿತು. ಬೆಳಗಿನಕ್ಕ ಮುಂದಿದ್ದ ಹೆಂಗಸಿನ ತೋಳು ಹಿಡಿದು, ಇದು ನಾನು ಹೇಳಿದ್ದಲ್ಲ ಎಂದಳು. ಆ ಹೆಂಗಸು ತಿರುಗಿ ಅವಳ ಬಾಯನ್ನೇ ನೋಡಿದಳು. ದನಿ ಅದೇ, ಮುಖ ಮಾತ್ರ ಯಾರದೋ. ಮಗುವನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಸರಿದು, ಆಮೇಲೆ ಓಡಿದಳು. ಬೇಕರಿಯವನು ಯಾರಿಗೂ ಚಿಲ್ಲರೆ ಕೊಡದೆ ಷಟರ್ ಎಳೆದ.

ರೇಡಿಯೊ ಕೇಂದ್ರಕ್ಕೆ ಓಡಿ ಬಂದಾಗ ನಿರ್ದೇಶಕರು ಎರಡು ಕಿವಿಗೂ ಒಂದೊಂದು ಫೋನು ಹಿಡಿದಿದ್ದರು. ಸೇನೆಯ ಕ್ಯಾಪ್ಟನ್ ಒಬ್ಬ ಆಗಲೇ ಬಂದು ನಿಂತಿದ್ದ. ಅವನು ಕೂಗಾಡಲಿಲ್ಲ, ಗೋಡೆಯ ನಕಾಶೆಯ ಮೇಲೆ ಬೆರಳಿಟ್ಟು ವಿವರಿಸಿದ. ಯುದ್ಧ ನಡೆಯುತ್ತಿರುವುದು ಊರಿನ ಹಿಂದಿನ ಗುಡ್ಡಗಳಾಚೆ. ಅಲ್ಲಿಗೆ ಮದ್ದುಗುಂಡು, ಔಷಧ, ಹೊಸ ತುಕಡಿ ಎಲ್ಲ ಬರಬೇಕಾದದ್ದು ನದಿಯ ಆಚೆ ದಡದಿಂದ, ಅದೊಂದೇ ಸೇತುವೆಯ ಮೇಲೆ. ಇವತ್ತು ಮಧ್ಯಾಹ್ನ ದೊಡ್ಡ ಸಾಲು ಲಾರಿಗಳು ಬರುವುದಿದೆ. ಸೇತುವೆ ತುಂಬ ಜನ ನಿಂತರೆ ಲಾರಿಗಳು ಆಚೆಯೇ ನಿಲ್ಲುತ್ತವೆ. ನಿಂತದ್ದಕ್ಕೆ ಗುರಿ ಇಡುವುದು ಸುಲಭ. ಆಗ ಲಾರಿ ಯಾವುದು, ಜನ ಯಾರು ಎಂದು ಗುಂಡು ವಿಚಾರಿಸುವುದಿಲ್ಲ.

ವೈರಿಗಳಿಗೆ ತನ್ನ ದನಿ ಹೇಗೆ ಸಿಕ್ಕಿತು ಎಂದು ಅವಳು ಕೇಳಿದಳು. ಕೇಂದ್ರದ ಎಂಜಿನಿಯರು ತಲೆ ತಗ್ಗಿಸಿ ಹೇಳಿದ. ಈಗಿನ ಯಂತ್ರಗಳಿಗೆ ಒಂದಿಷ್ಟು ಮಾತು ಕೇಳಿಸಿದರೆ ಸಾಕು, ಉಳಿದದ್ದನ್ನು ಅವೇ ಆಡುತ್ತವೆ. ನಾವಂತೂ ಹಳೆಯ ಕಾರ್ಯಕ್ರಮಗಳನ್ನೆಲ್ಲ ಅಂತರ್ಜಾಲಕ್ಕೆ ಹಾಕಿಟ್ಟಿದ್ದೆವು, ಬೇಕಾದವರು ಕೇಳಲಿ ಎಂದು. ಬೇಕಾದವರು ಕೇಳಿದ್ದಾರೆ.

ಅವಳು ಮೈಕಿನ ಮುಂದೆ ಕುಳಿತು ನೇರ ಪ್ರಸಾರದಲ್ಲಿ ನಿಜ ಹೇಳಿದಳು. ಮೊದಲ ಸಲ ಅವಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ತಿಳಿಯಲಿಲ್ಲ. ಗಂಟಲು ಸರಿಮಾಡಿಕೊಳ್ಳಲು ಹೋಗಿ ತಡೆದುಕೊಂಡಳು. ದಾಳಿಯ ಸುದ್ದಿ ಸುಳ್ಳು, ಸೇತುವೆಯ ಕಡೆ ಹೋಗಬೇಡಿ, ಹೋದವರು ವಾಪಸು ಬನ್ನಿ ಎಂದಳು. ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು: ಹೀಗೆ ಹೇಳುತ್ತೇನೆ ಎಂದು ಆ ದನಿ ಮೊದಲೇ ಹೇಳಿಬಿಟ್ಟಿದೆ. ಕೇಂದ್ರದ ಫೋನುಗಳು ಒಂದರ ಹಿಂದೆ ಒಂದು ಬಡಿದುಕೊಂಡವು. ಎಲ್ಲ ಬೈಗುಳವೇ. ಒಬ್ಬ ಮುದುಕ ಮಾತ್ರ ಸಮಾಧಾನದಿಂದ ಮಾತಾಡಿದ. "ನೀನು ಮಿಷನ್ನು ಅಂತ ನಂಗೊತ್ತು ಕಣಮ್ಮ. ಆದ್ರೂ ಎಷ್ಟು ಚೆನ್ನಾಗಿ ಮಾತಾಡ್ತೀಯ."

ಅವಳು ಅಕ್ಕನಿಗೆ ಫೋನು ಮಾಡಿದಳು. ಸ್ವಂತ ಅಕ್ಕ, ಊರಿನ ಇನ್ನೊಂದು ತುದಿಯಲ್ಲಿದ್ದವಳು. ಬೆಳಿಗ್ಗೆ ತಂಗಿಯ ದನಿ ಕೇಳದೆ ಕಾಫಿಗೆ ನೀರು ಇಡದವಳು. ಫೋನಿನಲ್ಲಿ ಹಿಂದೆ ಹಾರ್ನುಗಳ ಸದ್ದಿತ್ತು. ಭಾವನ ಹಳದಿ ವ್ಯಾನು ಸೇತುವೆಯ ರಸ್ತೆ ಹಿಡಿದಾಗಿತ್ತು.

"ಅಕ್ಕಾ, ನಾನು ಕಣೇ. ವಾಪಸು ತಿರುಗಿಸೋಕೆ ಹೇಳು ಭಾವನಿಗೆ."

ಅಕ್ಕ, ಅಪರಿಚಿತರೊಡನೆ ಆಡುವ ದನಿಯಲ್ಲಿ, "ನೀನು ಯಾರೋ ನಂಗೆ ಗೊತ್ತಿಲ್ಲ. ನನ್ನ ತಂಗಿ ದನಿ ಕದ್ದು ನಂಗೇ ಫೋನ್ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದಳು.

ಬೆಳಗಿನಕ್ಕ ಚಿಕ್ಕಂದಿನ ಗುರುತು ಹೇಳಿದಳು. ಬಾವಿಗೆ ಬಿದ್ದ ಅಪ್ಪನ ಗಡಿಯಾರ. ಇಬ್ಬರೂ ಒಂದೇ ಬೂಟನ್ನು ಸರದಿಯಲ್ಲಿ ಹಾಕಿಕೊಂಡು ಶಾಲೆಗೆ ಹೋದ ವರ್ಷ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಇದೆಲ್ಲ ತನ್ನ ತಂಗಿ ಭಾನುವಾರದ ಕಾರ್ಯಕ್ರಮದಲ್ಲಿ ಊರಿಗೆಲ್ಲ ಹೇಳಿದ್ದೇ ಅಲ್ಲವೇ ಎಂದಳು. ನಿಜ, ಹೇಳಿದ್ದಳು. ಕೇಳುಗರಿಗೆ ಇಷ್ಟವಾಗುತ್ತಿತ್ತೆಂದು ಮನೆಯ ಕಥೆಗಳನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸಿದ್ದಳು. ಹೇಳದೆ ಉಳಿದದ್ದೇನು ಎಂದು ಅವಳು ಹುಡುಕುತ್ತಿರುವಾಗಲೇ ಅಕ್ಕ ಫೋನು ಇಟ್ಟಳು.

ಕ್ಯಾಪ್ಟನ್ ಅವಳನ್ನು ಜೀಪಿನಲ್ಲಿ ಸೇತುವೆಗೆ ಕರೆದೊಯ್ದ. ಸೇತುವೆಯ ಬಾಯಿಯಲ್ಲಿ ಅಡ್ಡಗಂಬವನ್ನು ಮೇಲೆತ್ತಿಟ್ಟಿದ್ದರು. ಕಾವಲಿನ ಸಿಪಾಯಿಗಳು ಪಕ್ಕಕ್ಕೆ ನಿಂತು ಗಾಡಿಗಳಿಗೆ ದಾರಿ ತೋರಿಸುತ್ತಿದ್ದರು. ಯಾರು ಬಿಡಲು ಹೇಳಿದ್ದು ಎಂದು ಕ್ಯಾಪ್ಟನ್ ಕೇಳಿದಾಗ ಹಿರಿಯ ಸಿಪಾಯಿ ತಬ್ಬಿಬ್ಬಾದ. "ನೀವೇ ಸರ್. ಈಗ ಸ್ವಲ್ಪ ಮುಂಚೆ ಫೋನ್ ಮಾಡಿ ಬಿಡು ಅಂದ್ರಲ್ಲ." ಕ್ಯಾಪ್ಟನ್ ತನ್ನ ಫೋನನ್ನು ತೆಗೆದು ನೋಡಿದ, ಮತ್ತೆ ಜೇಬಿಗೆ ಹಾಕಿಕೊಂಡ. ಅಡ್ಡಗಂಬ ಇಳಿಸಲು ಈಗ ಜಾಗವೇ ಇರಲಿಲ್ಲ.

ರಸ್ತೆಯ ತುಂಬ ಗಾಡಿಗಳು. ಕಾರಿನ ನೆತ್ತಿಯ ಮೇಲೆ ಹಾಸಿಗೆ, ಸ್ಕೂಟರಿನ ಮೇಲೆ ನಾಲ್ಕು ಜನ, ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜ, ಅವನ ತೊಡೆಯ ಮೇಲೆ ಹೊಲಿಗೆ ಯಂತ್ರ. ಬೆಳಗಿನಕ್ಕ ಧ್ವನಿವರ್ಧಕ ಹಿಡಿದು ಮಾತಾಡಿದಳು. ಬಾಯಿ ತೆರೆದದ್ದೇ ತಪ್ಪಾಯಿತು. ಇದೇ ಆ ಸುಳ್ಳು ದನಿ ಎಂದು ಒಬ್ಬ ಕೂಗಿದ; ಹತ್ತು ಜನ ಅದನ್ನೇ ಹಿಡಿದರು. ನೀರಿನ ಬಾಟಲಿಯೊಂದು ಬಂದು ಭುಜಕ್ಕೆ ಬಡಿಯಿತು. ಜನ ಇನ್ನೂ ಜೋರಾಗಿ ಮುಂದಕ್ಕೆ ತಳ್ಳಿದರು. ಅವಳು ಧ್ವನಿವರ್ಧಕವನ್ನು ಜೀಪಿನೊಳಗೆ ಇಟ್ಟಳು.

ಆಗ ಕಂಡದ್ದು ಟೀಚರು. ಪಕ್ಕದ ಮನೆಯವರು, ಶಾಲೆಯಿಂದ ನಿವೃತ್ತರಾದವರು. ಬಚ್ಚಲ ನೀರು ಯಾರ ಅಂಗಳದಲ್ಲಿ ಹರಿಯಬೇಕು ಎಂಬ ಜಗಳದಲ್ಲಿ ಇಬ್ಬರಿಗೂ ಮಾತು ಬಿಟ್ಟು ಹೋಗಿ ಮೂರು ಬೇಸಿಗೆ ಕಳೆದಿತ್ತು. ಟೀಚರು ತಮ್ಮ ಪುಟ್ಟ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಬೆಕ್ಕಿನ ಬುಟ್ಟಿ ಇಟ್ಟುಕೊಂಡು, ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದರು. ಬೆಳಗಿನಕ್ಕ ಹೋಗಿ ಕಿಟಕಿಯ ಗಾಜು ತಟ್ಟಿದಳು.

"ನನ್ನ ಕಂಡ್ರೆ ನಿಮಗೆ ಆಗಲ್ಲ, ಗೊತ್ತು. ಬೆಳಿಗ್ಗೆ ಫೋನಿನಲ್ಲಿ ಬಂದದ್ದು ನಾನಲ್ಲ ಟೀಚರ್."

ಟೀಚರು ಕನ್ನಡಕದ ಮೇಲಿಂದ ಅವಳನ್ನು ಅಳೆದರು. ಕೆದರಿದ ಕೂದಲು, ಒದ್ದೆಯಾದ ಭುಜ, ಕಂಕುಳಲ್ಲಿ ಇನ್ನೂ ಖಾಲಿ ಇದ್ದ ಬ್ರೆಡ್ಡಿನ ಚೀಲ. ಆಮೇಲೆ ಬೆಕ್ಕಿಗೆ ಏನೋ ಹೇಳಿ, ಬಾಗಿಲು ತೆಗೆದು ನಿಧಾನಕ್ಕೆ ಇಳಿದರು. ಹಿಂದಿನ ಗಾಡಿಯವನು ಹಾರ್ನು ಒತ್ತಿ ಹಿಡಿದ. ಟೀಚರು ಅವನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಬಡಿದರು.

"ಹಾರ್ನ್ ನಿಲ್ಲಿಸು. ನಾನು ಯಾರು, ಗೊತ್ತಾಯ್ತಾ?"

ಅವನು ಹಾರ್ನಿನಿಂದ ಕೈ ತೆಗೆದ. ಗಡ್ಡ ಬೆಳೆದ, ಮೂರು ಮಕ್ಕಳ ತಂದೆ. ಗೊತ್ತಾಯಿತು ಎಂದು ತಲೆಯಾಡಿಸಿದ. ಟೀಚರು ಬೆಳಗಿನಕ್ಕನ ರಟ್ಟೆ ಹಿಡಿದು ಅವನ ಮುಂದೆ ನಿಲ್ಲಿಸಿದರು.

"ಇವಳು ನನ್ನ ಪಕ್ಕದ ಮನೆಯವಳು. ರೇಡಿಯೊದವಳು ಇವಳೇ. ಜಗಳಗಂಟಿ, ನ್ಯಾಯ ನೀತಿ ಇಲ್ಲ, ಆ ಮಾತು ಬೇರೆ. ಆದ್ರೆ ಇವಳು ನನ್ನ ಕಣ್ಣೆದುರಿಗೆ ನಿಂತಿದಾಳೆ. ಫೋನಿನೊಳಗೆ ಇರೋದು ಯಾರು ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗಾಡಿ ತಿರುಗಿಸು."

ಅವನು ತಿರುಗಿಸಿದ. ತಿರುಗಿಸುವ ಮುಂಚೆ ಇಳಿದು ಹಿಂದಿನ ಗಾಡಿಯಲ್ಲಿದ್ದ ತನ್ನ ಷಡ್ಡಕನಿಗೆ ಹೇಳಿದ. ಷಡ್ಡಕ ತನ್ನ ಅಂಗಡಿಯ ಪಾಲುದಾರನಿಗೆ ಹೇಳಿದ. ಟೀಚರು ಬೆಳಗಿನಕ್ಕನನ್ನು ಕೈಬಿಡದೆ, ಕಿಟಕಿಯಿಂದ ಕಿಟಕಿಗೆ ಎಳೆದುಕೊಂಡು ನಡೆದರು. ಅರ್ಧ ಊರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡದ್ದು. ಹಲ್ಲಿನ ಡಾಕ್ಟರು ಸಿಕ್ಕರು. ಬೆಳಗಿನಕ್ಕನ ದವಡೆ ಹಲ್ಲು ಕಿತ್ತವರು, ಬಾಯಿ ತೆಗೆಸಿ ನೋಡುವುದೇನೂ ಬೇಡ ಎಂದು ಕೆಳಗಿಳಿದು ತಮ್ಮ ಪರಿಚಯದವರ ಕಡೆ ಹೋದರು. ಎಲ್ಲರೂ ಕೇಳಲಿಲ್ಲ. ಕೆಲವರು ಗಾಜು ಏರಿಸಿಕೊಂಡರು, ಒಬ್ಬಳು ಉಗಿದಳು. ಆದರೂ ಹಿಂದಿನಿಂದ ಸಾಲು ಸಡಿಲವಾಗತೊಡಗಿತು.

ಸೇತುವೆಯ ನಡುವೆ, ತುಂಬ ಮುಂದೆ, ಹಳದಿ ವ್ಯಾನು ಕಂಡಿತು. ಬೆಳಗಿನಕ್ಕ ಕೈ ಕೊಸರಿಕೊಂಡು ಓಡಿದಳು. ಗಾಡಿಗಳ ಸಂದಿಯಲ್ಲಿ ಒಂದಿಷ್ಟು ದೂರ ಓಡಿದ ಮೇಲೆ ಹಿಂದಿನಿಂದ ಟೀಚರ ದನಿ ಬಂತು. ಅವರು ಕೂಗಲಿಲ್ಲ, ತರಗತಿಯ ಹಿಂದಿನ ಬೆಂಚಿಗೆ ಕೇಳಿಸುವಷ್ಟೇ ಏರಿಸಿದ್ದರು.

"ನೀನು ಹೋದ್ರೆ ಇವರಿಗೆ ಯಾರನ್ನ ತೋರಿಸ್ಲಿ?"

ಅವಳು ನಿಂತಳು. ವ್ಯಾನು ಇಷ್ಟಿಷ್ಟೇ ತೆವಳುತ್ತ ಮುಂದಕ್ಕೆ ಹೋಗುತ್ತಿತ್ತು. ಇತ್ತ ಪಕ್ಕದಲ್ಲೇ ಒಂದು ಬಸ್ಸು, ಕಿಟಕಿಗಳ ತುಂಬ ಮುಖಗಳು, ಎಲ್ಲವೂ ಅವಳನ್ನೇ ನೋಡುತ್ತಿದ್ದವು. ಅವಳು ಹಿಂದಕ್ಕೆ ಬಂದಳು. ಬಸ್ಸಿನ ಮೆಟ್ಟಿಲು ಹತ್ತಿದಳು. ಟೀಚರು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟರು.

ಮೊದಲ ಷೆಲ್ಲು ಬಿದ್ದಾಗ ಸೇತುವೆಯ ಈಚೆಗಿನ ಅರ್ಧ ಭಾಗ ಖಾಲಿಯಾಗಿತ್ತು. ಲಾರಿಗಳ ಸಾಲು ಆಚೆ ದಡದಲ್ಲಿ ನಿಂತಿತ್ತು. ಮೂರನೆಯದಕ್ಕೆ ಆಚೆ ತುದಿಯ ಕಮಾನು ಕುಸಿದು ನೀರಿಗೆ ಬಿತ್ತು. ಧೂಳು ಇಳಿದ ಮೇಲೆ ಹಳದಿ ಬಣ್ಣದ್ದು ಏನೂ ಕಾಣಲಿಲ್ಲ.

ಅದಾದ ಮೇಲೆ ಹಲವು ದಿನ ಆಚೆ ದಡದ ಫೋನುಗಳು ಸತ್ತಿದ್ದವು. ಈಚೆ ಬದುಕು ಹೇಗೋ ನಡೆಯಿತು. ಸೇನೆಯ ಅಪ್ಪಣೆಯಂತೆ ರೇಡಿಯೊದಲ್ಲಿ ಮಾತು ನಿಂತಿತು; ಬರೀ ವಾದ್ಯ ಸಂಗೀತ. ಸುದ್ದಿಗೆ ಬೀದಿಗೊಬ್ಬರನ್ನು ನೇಮಿಸಿದರು, ಆ ಬೀದಿಯವರಿಗೆಲ್ಲ ಮುಖ ಗೊತ್ತಿದ್ದವರನ್ನು. ಅವರು ಬಾಗಿಲು ಬಾಗಿಲಿಗೆ ಹೋಗಿ ಬಾಯಲ್ಲೇ ಹೇಳಿ ಬರಬೇಕು. ಬೆಳಗಿನಕ್ಕನ ಬೀದಿ ಟೀಚರ ಪಾಲಿಗೆ ಬಂತು. ಮೊದಲ ದಿನ ಅವರು ಅವಳ ಬಾಗಿಲಲ್ಲಿ ನಿಂತು ಸುದ್ದಿ ಹೇಳಿ, ಹೋಗುವಾಗ, ಬಚ್ಚಲ ನೀರಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ ಎಂಬುದನ್ನೂ ಸೇರಿಸಿದರು. ಬೆಳಗಿನಕ್ಕ ಕೇಂದ್ರಕ್ಕೆ ಹೋಗಿ ಹಳೆಯ ಧ್ವನಿಮುದ್ರಿಕೆಗಳಿಗೆ ಬೀಗ ಹಾಕುವ ಕೆಲಸದಲ್ಲಿ ಎಂಜಿನಿಯರಿಗೆ ಜೊತೆಯಾದಳು. ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಸಾರು ಕೈಮೇಲೆ ಚೆಲ್ಲಿ ಅಮ್ಮಾ ಎಂದದ್ದು ತನಗೇ ಯಾರೋ ಕರೆದ ಹಾಗೆ ಕೇಳಿ ತಿರುಗಿ ನೋಡಿದಳು.

ಒಂದು ಬೆಳಿಗ್ಗೆ ಫೋನು ಬಂತು. ಅಕ್ಕನ ದನಿ. ವ್ಯಾನು ಸೇತುವೆ ದಾಟಿ ದಡ ಮುಟ್ಟಿದ ಮೇಲೆ ಷೆಲ್ಲು ಬಿದ್ದಿತ್ತಂತೆ. ಭಾವನ ಕಾಲಿಗೆ ಪೆಟ್ಟು, ಆಸ್ಪತ್ರೆಯಲ್ಲಿದ್ದಾರೆ. ತಾನು ಶಾಲೆಯೊಂದರ ಕೋಣೆಯಲ್ಲಿ ಇದ್ದೇನೆ ಎಂದಿತು ಆ ದನಿ. ಬೆಳಗಿನಕ್ಕನಿಗೆ ಅಳು ಬಂತು, ಆದರೆ ಅಳಲಿಲ್ಲ. ಯಾರು ನೀವು ಎಂದು ಕೇಳಿದಳು. ಆಕಡೆಯ ದನಿಗೆ ಸಿಟ್ಟು ಬರಲಿಲ್ಲ. ನನಗೂ ನೀನು ಯಾರೆಂದು ಗೊತ್ತಿಲ್ಲ, ಊಟದ ಹೊತ್ತಿಗೆ ಮುರಿದ ಸೇತುವೆಯ ಹತ್ತಿರ ಬಾ, ನಾನು ಈ ದಡದ ತುದಿಗೆ ಬಂದು ನಿಲ್ಲುತ್ತೇನೆ ಎಂದಿತು.

ಕ್ಯಾಪ್ಟನ್ ಬೇಡ ಎಂದ. ಸಂಬಂಧಿಕರ ದನಿಯಲ್ಲಿ ಕರೆದು ಬಯಲಿಗೆ ತರುವುದೂ ಈಗ ನಡೆಯುತ್ತಿದೆ, ನಿನ್ನಂಥವಳು ಅಲ್ಲಿ ಹೋಗಿ ನಿಲ್ಲುವುದು ಕ್ಷೇಮವಲ್ಲ ಎಂದ. ಅವಳು ಕೇಳಿಸಿಕೊಂಡಳು, ಸರಿ ಎಂದಳು, ಹೋದಳು.

ನದಿ ಅಲ್ಲಿ ಅಗಲ. ಆಚೆ ದಡದಲ್ಲಿ ಕಲ್ಲುರಾಶಿಯ ಪಕ್ಕ ಯಾರೋ ನಿಂತಿದ್ದರು. ಹೆಂಗಸು ಎಂದು ಗೊತ್ತಾಗುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಕೈಯಲ್ಲಿದ್ದ ಫೋನು ಬಡಿದುಕೊಂಡಿತು.

"ಬಲಗೈ ಎತ್ತು," ಎಂದಿತು ದನಿ.

ಅವಳು ಎತ್ತಿದಳು.

"ಇಳಿಸು. ಈಗ ಹಿಂದಕ್ಕೆ ತಿರುಗಿ ನಾಲ್ಕು ಹೆಜ್ಜೆ ನಡಿ. ಸಾಕು, ಬಾ."

ಅವಳು ನಡೆದು, ತಿರುಗಿ ಬಂದಳು. ಆಮೇಲೆ ಅವಳೂ ಕೇಳಿದಳು, ಸೆರಗು ತಲೆಯ ಮೇಲೆ ಹೊದೆದುಕೋ ಎಂದು. ಆಚೆ ದಡದ ಹೆಂಗಸು ಸೆರಗು ಎಳೆದು ತಲೆಗೆ ಹೊದ್ದಳು. ಗಾಳಿಗೆ ಹಾರಿತು, ಮತ್ತೆ ಎಳೆದುಕೊಂಡಳು.

"ಏನು ಅಡುಗೆ ಮಾಡಿದ್ದೆ?" ಎಂದಳು ಅಕ್ಕ.

ಬೆಳಗಿನಕ್ಕ ಹೇಳತೊಡಗಿದಳು. ಆಚೆ ದಡದಲ್ಲಿ ಆ ಹೆಂಗಸು, ಫೋನನ್ನು ಕಿವಿಯಿಂದ ತೆಗೆಯದೆ, ಒಂದು ಕೈಯನ್ನು ಕಲ್ಲಿಗೆ ಊರಿ ನಿಧಾನವಾಗಿ ಕುಳಿತುಕೊಂಡಳು.