ನಿಂಬೆವ್ವನ ಖರೇ ಗುರುತು

ಹುಣ್ಣಿಮೆಗೆ ದೇವರ ದರ್ಶನಕ್ಕೆ ಬರುವವರ ಗದ್ದಲದಲ್ಲಿ ಮನುಷ್ಯರು ತಪ್ಪಿಸಿಕೊಳ್ಳುವುದು ಗಾಣಗಾಪುರಕ್ಕೆ ಹೊಸದಲ್ಲ. 1996ರ ಕಾರ್ತಿಕ ಹುಣ್ಣಿಮೆಗೆ ಗೊಬ್ಬೂರಿನ ರೈತ ಧರ್ಮಣ್ಣನ ತಾಯಿ ನಿಂಬೆವ್ವ ತಪ್ಪಿಸಿಕೊಂಡಳು. ಹೊಳೆಯಲ್ಲಿ ಕಾಲು ತೊಳೆದು ಬರುತ್ತೇನೆಂದು ಹೋದವಳು ಬರಲಿಲ್ಲ. ಹೊತ್ತು ಮುಳುಗಿದರೆ ಮುದುಕಿಗೆ ಕಣ್ಣು ಕಾಣುವುದಿಲ್ಲ.

ಮರುದಿನವೆಲ್ಲ ಧರ್ಮಣ್ಣ ತಾನೇ ಹುಡುಕಿದ. ಪೊಲೀಸರ ಹತ್ತಿರ ಹೋಗಲು ಅವನಿಗೆ ನಾಚಿಕೆ. ಸೊಸೆಯ ಕಾಟಕ್ಕೆ ಮುದುಕಿ ಮನೆ ಬಿಟ್ಟಳೆಂದು ಊರು ಆಡಿಕೊಂಡೀತು. ಅವನ ಹೆಂಡತಿ ತುಳಜಾಬಾಯಿಗೂ ಅತ್ತೆಗೂ ದಿನಾ ಜಗಳ. ಎಂದಾದರೂ ಸದ್ದು ಕೇಳದಿದ್ದರೆ ಎದುರುಮನೆಯ ಗಂಗುಬಾಯಿ ಬಂದು ಯಾರಿಗೆ ಜ್ವರ ಎಂದು ವಿಚಾರಿಸುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ತುಳಜಾಬಾಯಿಯೇ ಎದ್ದು ನಿಂತಳು. “ಊರವರ ಬಾಯಿ ಆಮ್ಯಾಲ ಮುಚ್ಚೋಣಂತ. ಮೊದಲ ಅತ್ತಿ ಸಿಗಲಿ. ಏಳ್ರಿ.”

ಗಾಣಗಾಪುರದ ಠಾಣೆಯಲ್ಲಿ ಜಮಾದಾರ ಜಯತೀರ್ಥ ಗುರುತು ಕೇಳಿದ. ನಾಲ್ಕು ಜನರ ಎದುರು ಹೆತ್ತ ತಾಯಿಯನ್ನು ಕಡಿಮೆ ಮಾಡಿ ಹೇಳಲು ಧರ್ಮಣ್ಣನಿಗೆ ಮನಸ್ಸಾಗಲಿಲ್ಲ. ಎತ್ತರದ ಆಳು, ಗೋಧಿ ಬಣ್ಣ, ಮುತ್ತಿನಂಥ ಹಲ್ಲು, ಜರಿ ಸೀರೆ, ವಯಸ್ಸು ಐವತ್ತು ಎಂದು ಬರೆಸಿದ. ಅವನಿಗೇ ಆಗ ನಲವತ್ತೈದು.

ಇದೆಲ್ಲ ವೈರ್‌ಲೆಸ್ ಮೇಲೆ ಗುಲ್ಬರ್ಗಕ್ಕೆ ಹೋಗುತ್ತದೆಂದು ಜಯತೀರ್ಥ ಹೇಳಿದ. ಅಲ್ಲೊಂದು ಕಂಪ್ಯೂಟರ್ ಇದೆ. ಜಿಲ್ಲೆಯ ಎಲ್ಲ ಠಾಣೆಗಳಲ್ಲಿ ಕಾಣೆಯಾದವರ, ಸಿಕ್ಕವರ ಗುರುತುಗಳು ಅದರಲ್ಲಿವೆ. ಆಳು ಕೂತು ವಹಿ ತಿರುವಿದರೆ ನಾಲ್ಕು ದಿನ ಹಿಡಿಯುವ ಹೋಲಿಕೆಯನ್ನು ಅದು ಕ್ಷಣದಲ್ಲಿ ಮಾಡುತ್ತದೆ.

ಧರ್ಮಣ್ಣನಿಗೆ ನಂಬಿಕೆ ಬರಲಿಲ್ಲ. “ಆ ಪೆಟಗಿ ನಮ್ಮವ್ವನ್ನ ನೋಡ್ಯದೇನ್ರಿ?”

“ನೋಡಿಲ್ರಿ. ಅದಕ್ಕ ನೀವು ಹೇಳಿದ್ದನ್ನ ಹಂಗ ನಂಬ್ತದ.”

ಒಂದು ತಾಸಿಗೆ ಉತ್ತರ ಬಂತು. ಅಂಥ ಹೆಂಗಸು ಯಾವ ಠಾಣೆಯಲ್ಲೂ ಸಿಕ್ಕಿಲ್ಲ. ಧರ್ಮಣ್ಣ ಅಕ್ಕಲಕೋಟೆಯ ಕಡೆ ಹುಡುಕಬೇಕೆಂದು ಹಟ ಹಿಡಿದ. ಅಲ್ಲಿ ತಾಯಿಯ ತಂಗಿಯಿದ್ದಳು. ಠಾಣೆಗಿದ್ದದ್ದು ಒಂದೇ ಜೀಪು. ಠಾಣೆಯ ಫೌಜದಾರ ಸಾಹೇಬರು ಅದನ್ನು ಅತ್ತ ಹೊರಡಿಸುವಷ್ಟರಲ್ಲಿ ತುಳಜಾಬಾಯಿ ಅಡ್ಡ ನಿಂತಳು.

“ನಿಂದರ್ರಿ ಸಾಹೇಬ್ರ. ಇವರು ಬರಸಿದ್ದು ನಮ್ಮತ್ತಿ ಅಲ್ಲ. ಆ ಹೆಂಗಸು ಸಿಕ್ಕರ ಮನೀಗೆ ಒಯ್ದು ಏನು ಮಾಡೂದು?”

ಆಮೇಲೆ ಒಂದೇ ಉಸಿರಿಗೆ ಹೇಳಿದಳು. ವಯಸ್ಸು ಎಪ್ಪತ್ತು. ಗಿಡ್ಡ, ಕಪ್ಪು. ಮೇಲಿನ ಎರಡು ಹಲ್ಲಿಲ್ಲ. ಎಡಗಿವಿಯ ಹಾಲೆ ಹರಿದಿದೆ. ಬಲ ಮುಂಗೈ ಮೇಲೆ ಚೇಳಿನ ಹಚ್ಚೆ, ಅದಕ್ಕೆ ಒಂದು ಕಾಲು ಕಡಿಮೆ. ಚುಚ್ಚುವಾಗ ಅತ್ತು ಕೈ ಎಳೆದುಕೊಂಡಿದ್ದಳಂತೆ.

ಇಷ್ಟೆಲ್ಲ ಹೇಗೆ ಗೊತ್ತೆಂದು ಜಯತೀರ್ಥ ಕೇಳಿದ.

“ಇಪ್ಪತ್ತು ವರ್ಷ ಎದರಾಬದರಾ ನಿಂತು ಜಗಳಾಡೇನ್ರಿ. ಮಾರಿ ನೋಡದ ಹ್ಯಾಂಗ ಜಗಳಾಡೂದು?”

ಈ ಸಲ ಉತ್ತರ ಬರಲು ಕಾಲು ತಾಸೂ ಹಿಡಿಯಲಿಲ್ಲ. ಹುಣ್ಣಿಮೆಯ ಸಂಜೆಯೇ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಅಂಥ ಮುದುಕಿ ಸಿಕ್ಕಿದ್ದಳು. ಗದ್ದಲದಲ್ಲಿ ಬೇರೆ ಬಸ್ಸು ಹತ್ತಿದ್ದಳು. ಊರು ಯಾವುದೆಂದರೆ ಎಲ್ಲ ಹೆಂಗಸರ ಹಾಗೆ ತವರೂರು ಹೇಳಿದ್ದಳು. ಐವತ್ತು ವರ್ಷದ ಹಿಂದೆ ಬಿಟ್ಟ ಆ ಊರಿನಲ್ಲಿ ಅವಳನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. ಊರಿನ ಹೆಸರಿನಿಂದ ಸಿಗದವಳು ಚೇಳಿನಿಂದ ಸಿಕ್ಕಳು. ಸಾಹೇಬರು ಜೀಪನ್ನು ಜೇವರ್ಗಿಗೆ ತಿರುಗಿಸಿದರು.

ನಿಂಬೆವ್ವ ಅಲ್ಲಿಯ ಠಾಣೆಯ ಬೆಂಚಿನ ಮೇಲೆ ಕೂತು ಚಹಾ ತಂದ ಪೇದೆಗೆ ಸಕ್ಕರೆ ಕಡಿಮೆಯಾಯಿತೆಂದು ಬೈಯುತ್ತಿದ್ದಳು. ಮಗನನ್ನು ಕಂಡವಳೇ ಅವನ ಅಂಗಿ ಹಿಡಿದುಕೊಂಡಳು. ಎರಡು ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲ. ತುಳಜಾಬಾಯಿ ತನ್ನ ಶಾಲು ತೆಗೆದು ಅತ್ತೆಗೆ ಹೊದಿಸಿದಳು.

“ಹುಣ್ಣಿಮಿ ದಿನಾನ ಬಂದು ಖರೇ ಗುರುತು ಹೇಳಿದ್ರ ಈ ಎರಡು ರಾತ್ರಿ ತಪ್ತಿದ್ವು,” ಎಂದ ಜೀಪಿನಲ್ಲಿ ಜೊತೆಗೆ ಬಂದಿದ್ದ ಜಯತೀರ್ಥ.

ಧರ್ಮಣ್ಣ ತಲೆ ಆಡಿಸಿದ. ತನ್ನ ಗುರುತನ್ನೂ ಈಗಲೇ ಬರೆಸಿಡಬಹುದೇ ಎಂದು ಕೇಳಿದ. ತಾನು ಹೇಳುತ್ತೇನೆಂದು ತುಳಜಾಬಾಯಿ ಮುಂದೆ ಬಂದಾಗ, ಬೇಡ ಬಿಡ್ರಿ ಎಂದು ಅವನೇ ಹಿಂದೆ ಸರಿದ.

ಓದುವವರೇ, ಕೇಳುವವರೇ, ನಿಮ್ಮ ಮನೆಯವರನ್ನು ಇವತ್ತು ಒಮ್ಮೆ ಸರಿಯಾಗಿ ನೋಡಿ. ಹಚ್ಚೆ ಎಲ್ಲಿದೆ, ಗಾಯದ ಕಲೆ ಎಲ್ಲಿದೆ, ನೆನಪಿಡಿ. ಒಂದು ಫೋಟೋ ತೆಗೆಸಿಡಿ. ಯಾರಾದರೂ ಕಾಣೆಯಾದರೆ ನಾಚಿಕೆ ಬಿಟ್ಟು ಅದೇ ದಿನ ಠಾಣೆಗೆ ಹೋಗಿ. ಇದ್ದದ್ದನ್ನು ಇದ್ದ ಹಾಗೆ ಬರೆಸಿ. ಹೊಗಳುವುದನ್ನು ಅವರು ಮನೆಗೆ ಬಂದ ಮೇಲೆ ಅವರ ಎದುರಿಗೇ ಮಾಡಿ.