ಹಿರಿಯಣ್ಣನ ತೂಕ

ಪೆಟ್ಟಿಗೆಯ ಮುಚ್ಚಳ ತೆರೆದು ಯಿಮ್-ಕಿಯು ಹಾಗೆಯೇ ನಿಂತಿದ್ದಳು. ಒಳಗೆ ಹಳದಿ ರೇಷ್ಮೆಯ ಮೇಲೆ ಮರದ ಮಗು ಬೋರಲಾಗಿ ಮಲಗಿತ್ತು. ಅವಳು ಪಾತ್ರ ಮಾಡುವ ಕ್ಯಾಂಟನೀಸ್ ಹಾಡುನಾಟಕದ ಮೇಳದವರು ಅದನ್ನು ಬೊಂಬೆ ಎನ್ನುವುದಿಲ್ಲ, ಹಿರಿಯಣ್ಣ ಎನ್ನುತ್ತಾರೆ. ರಂಗದಲ್ಲಿ ಎಲ್ಲರಿಗಿಂತ ಮೊದಲು ಹುಟ್ಟಿದವನು ಅವನೇ ಎಂದು ಅವರ ನಂಬಿಕೆ. ಎತ್ತಿಕೊಳ್ಳುವ ಮುಂಚೆ ಕೈಮುಗಿದು "ಹಿರಿಯಣ್ಣ, ಏಳಿ" ಎನ್ನಬೇಕು.

ಯಿಮ್-ಕಿಯು ಕೈಮುಗಿದಳು. "ಪುಟ್ಟಾ, ಏಳು" ಎಂದಳು.

ಮೇಳದ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದ ಡೋಲಿನ ಹಾನ್ ಮುದುಕ ತಿರುಗಿ ನೋಡಿದ.

"ಏನಂದ್ಯಮ್ಮಾ?"

"ಏನಿಲ್ಲ ಚಿಕ್ಕಪ್ಪ. ಬಾಯಿ ತಪ್ಪಿತು."

"ಹೋಗ್ಲಿ ಬಿಡು. ಅವನೇನು ಕೋಪ ಮಾಡ್ಕೊಳ್ಳೋನಲ್ಲ" ಎಂದು ಹಾನ್ ಇನ್ನೊಂದು ಊದುಬತ್ತಿ ಹೆಚ್ಚಿಗೆ ಹಚ್ಚಿದ.

ಕಳೆದ ಚಳಿಗಾಲದಲ್ಲಿ ಅವಳಿಗೆ ಗಂಡು ಮಗು ಉಸಿರಿಲ್ಲದೆ ಹುಟ್ಟಿತ್ತು. ದಾದಿ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, "ಒಂದು ಸಲ ಎತ್ಕೊಳ್ಳಿ" ಎಂದಾಗ ಗಂಡ ಮೋಕ್ ಕಿಟಕಿಯ ಕಡೆ ತಿರುಗಿಬಿಟ್ಟಿದ್ದ. ಅವಳೊಬ್ಬಳೇ ಎತ್ತಿಕೊಂಡಿದ್ದಳು. ಅಂದಿನಿಂದ ದ್ವೀಪದ ಅವರ ಮನೆಯಲ್ಲಿ ಅನ್ನ ಆಯಿತೇ, ದೋಣಿ ಬಂತೇ ಎನ್ನುವಷ್ಟೇ ಮಾತು. ಗುಡಿಯ ಹಬ್ಬ ಮುಗಿದ ಮೇಲೆ ಮೇಳ ಸಿಂಗಪುರಕ್ಕೆ ಹೊರಡುತ್ತದೆ, ತಾನೂ ಹೋಗುತ್ತೇನೆ ಎಂದು ಹೇಳಿದ್ದಳು. ಯಾವಾಗ ಹಿಂದಿರುಗುತ್ತೀ ಎಂದು ಮೋಕ್ ಕೇಳಿದ್ದ. ಅವಳು ಬಟ್ಟೆ ಮಡಚುತ್ತಲೇ ಇದ್ದಳು.

ಪರದೆಯ ಆಚೆ ಮೋಕನ ದನಿ ಕೇಳುತ್ತಿತ್ತು. ಅವನು ಹಾಂಗ್‌ಕಾಂಗಿನ ಕಾಲೇಜೊಂದರಲ್ಲಿ ಸಂಕೇತಶಾಸ್ತ್ರ ಕಲಿಸುವವನು. ಆ ಮಧ್ಯಾಹ್ನ ವಿದ್ಯಾರ್ಥಿಗಳನ್ನು ದ್ವೀಪಕ್ಕೆ ಕರೆತಂದಿದ್ದ. ಸಮುದ್ರದ ತಾಯಿ ತಿನ್ ಹೌಳ ಗುಡಿಯ ಮುಂದೆ ಬಿದಿರಿನಿಂದ ಕಟ್ಟಿದ ರಂಗದ ಎದುರು ಅವರು ಬೆಂಚುಗಳಲ್ಲಿ ಕುಳಿತಿದ್ದರು.

"ನಟ ಚಾವಟಿ ಹಿಡಿದರೆ ಕುದುರೆ ಏರಿದ ಅಂತ ಅರ್ಥ. ಚಾವಟಿ ಸೂಚಕ, ಕುದುರೆ ಸೂಚಿತ. ಈ ಕಥೆಗಳೆಲ್ಲ ಇಂಥ ಒಪ್ಪಂದಗಳ ಮೇಲೇ ನಡೆಯೋದು."

"ಹಾಗಾದ್ರೆ ಚಾವಟಿ ಕೆಳಗಿಟ್ರೆ ಕುದುರೆ ಸತ್ತುಹೋಯ್ತಾ ಸರ್?" ಒಬ್ಬ ಹುಡುಗಿ ಕೇಳಿದಳು. ಎಲ್ಲರೂ ನಕ್ಕರು.

"ಸಾಯೋದೇನು ಬಂತು? ಅದು ಮೊದಲೂ ಇರಲಿಲ್ಲವಲ್ಲ."

ಯಿಮ್-ಕಿಯು ಮಗುವನ್ನು ಎದೆಗೆ ಒತ್ತಿಕೊಂಡಳು.

ಅಭ್ಯಾಸಕ್ಕಿದ್ದದ್ದು ಹಬ್ಬದ ಆರಂಭದಲ್ಲಿ ಆಡಲೇಬೇಕಾದ ಸಣ್ಣ ಆಟ. ದೇವಲೋಕದ ಹೆಣ್ಣು ಭೂಮಿಗೆ ಇಳಿದು, ತನ್ನ ಗಂಡನ ಕೈಗೆ ಮಗುವನ್ನು ಒಪ್ಪಿಸಿ, ತಿರುತಿರುಗಿ ನೋಡುತ್ತ ಹೊರಟುಹೋಗುತ್ತಾಳೆ. ಗಂಡನ ಪಾತ್ರದವನು ಇನ್ನೂ ಬಂದಿರಲಿಲ್ಲ. ಅವನ ದೋಣಿ ತಡವಾಗಿತ್ತು.

"ಮೇಷ್ಟ್ರೇ, ನೀವೇ ಮೇಲೆ ಬನ್ನಿ. ಇಷ್ಟು ಹೊತ್ತು ಬಾಯಲ್ಲೇ ಆಟ ಆಡಿಸಿದ್ರಿ, ಸ್ವಲ್ಪ ಕೈಯಲ್ಲೂ ಆಡಿಸಿ" ಎಂದು ಹಾನ್ ಕೂಗಿದ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಮೋಕ್ ಬೇಡವೆಂದು ಕೈಯಾಡಿಸಿದ. ಚಪ್ಪಾಳೆ ಜೋರಾಯಿತು. ಅವನು ಮೆಟ್ಟಿಲು ಹತ್ತಿದ.

ಡೋಲು ಮೆಲ್ಲಗೆ ಶುರುವಾಯಿತು. ಯಿಮ್-ಕಿಯು ಉದ್ದ ತೋಳಿನ ಬಿಳಿ ಅಂಗಿಯಲ್ಲಿ ಬಂದಳು. ಅವಳ ಕೈಯಲ್ಲಿ ಏನಿದೆ ಎಂದು ಮೋಕ್ ಆಗ ನೋಡಿದ. ಈ ಆಟದ ಬಗ್ಗೆ ಅವನು ಎಷ್ಟೋ ಸಲ ಬರೆದಿದ್ದ. ಈಗ ಎರಡು ಅಂಗೈಗಳನ್ನೂ ಚಪ್ಪಟೆಯಾಗಿ ಮುಂದೆ ಚಾಚಿದ.

"ಅಯ್ಯೋ ಮೇಷ್ಟ್ರೇ, ಅದೇನು ಊಟದ ತಟ್ಟೇನಾ? ಜೀವಮಾನದಲ್ಲಿ ಮಗು ಎತ್ತಿ..." ಎನ್ನುತ್ತ ಹಾನ್ ಥಟ್ಟನೆ ನಾಲಿಗೆ ಕಚ್ಚಿಕೊಂಡ. ಕೆಳಗೆ ನಗು ಎದ್ದಿತು. ಮೇಳದವರು ಯಾರೂ ನಗಲಿಲ್ಲ.

ಯಿಮ್-ಕಿಯು ಆಟ ನಿಲ್ಲಿಸಿ ಗಂಡನ ಹತ್ತಿರ ಬಂದಳು. ಅವನ ಎಡಗೈಯನ್ನು ಹಿಡಿದು ಮೊಣಕೈಯಲ್ಲಿ ಮಡಚಿದಳು. ಎಷ್ಟೋ ತಿಂಗಳ ಮೇಲೆ ಅವನನ್ನು ಮುಟ್ಟಿದ್ದಳು.

"ತಲೆ ಇಲ್ಲಿ ಬರಬೇಕು. ಈ ಕೈ ಕೆಳಗೆ ಕೊಡಿ."

ಮಗು ಅವನ ತೋಳಿಗೆ ಬಂತು. ಹಳೆಯ ಮರ, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಅವನ ತೋಳು ತಾನಾಗಿಯೇ ಸ್ವಲ್ಪ ಮೇಲೆದ್ದು ಆ ತಲೆಗೆ ಜಾಗ ಮಾಡಿತು. ವಿದ್ಯಾರ್ಥಿಗಳಿಗೆ ಏನೋ ಹೇಳಬೇಕೆಂದು ಅವನು ಬಾಯಿ ತೆರೆದ.

"ಸರ್, ಈಗ ಸೂಚಿತ ಯಾವುದು? ತಂದೆಯ ಪ್ರೀತಿ ಅಂತ ಬರ್ಕೊಳ್ಳೋದಾ?" ಕೆಳಗಿನಿಂದ ಆ ಹುಡುಗಿ ಕೇಳಿದಳು.

ಮೋಕ್ ಹೆಂಡತಿಯ ಮುಖ ನೋಡಿದ. ಅವಳಿಗೆ ಮಾತ್ರ ಕೇಳುವಂತೆ, "ಇಷ್ಟೇ ಇದ್ದನಾ?" ಎಂದ.

"ಇಲ್ಲ. ಹಗುರ ಇದ್ದ. ತುಂಬಾ ಹಗುರ."

"ಕೂದಲು?"

"ಇತ್ತು. ಬೇಕಾದಷ್ಟಿತ್ತು. ಕಿವಿ ನಿಮ್ಮ ಹಾಗೆ."

ಅವನು ತಲೆ ತಗ್ಗಿಸಿ ಮರದ ಮುಖವನ್ನೇ ನೋಡುತ್ತ ನಿಂತ. ಕೆಳಗೆ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಆಟದ ಪ್ರಕಾರ ಯಿಮ್-ಕಿಯು ಈಗ ಹೊರಡಬೇಕಿತ್ತು. ಅವಳ ಮೊದಲ ಹೆಜ್ಜೆಗೆ ಡೋಲು ಏಳಬೇಕು. ಹಾನ್ ಕೋಲುಗಳನ್ನು ಎತ್ತಿ ಹಿಡಿದು ಅವಳ ಪಾದಗಳನ್ನೇ ನೋಡುತ್ತ ಕಾದ. ಪಾದಗಳು ಕದಲಲಿಲ್ಲ. ಅವನು ಕೋಲುಗಳನ್ನು ಸದ್ದಾಗದಂತೆ ತೊಡೆಯ ಮೇಲಿಟ್ಟುಕೊಂಡ.

ಬಿದಿರಿನ ಸಂದುಗಳಿಂದ ಸಮುದ್ರದ ಗಾಳಿ ಒಳಗೆ ನುಗ್ಗುತ್ತಿತ್ತು. ಮೋಕ್ ಮಗುವನ್ನು ಎದೆಗೆ ಸೇರಿಸಿ ಗಾಳಿಗೆ ಬೆನ್ನು ಮಾಡಿ ನಿಂತ.