ರಾಚಮ್ಮನ ಕಟ್ಟೆ

ತೀರಿಕೊಂಡ ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ವಸ್ತ್ರ ಕಟ್ಟುತ್ತಿದ್ದ ಶಿವರುದ್ರಮ್ಮ, ಬಾಗಿಲಲ್ಲಿ ಬೇಗೂರಿನ ರಾಚಮ್ಮನನ್ನು ಕಂಡದ್ದೇ ಗಂಟನ್ನು ಇನ್ನಷ್ಟು ಬಿಗಿದಳು.

"ಮೆಲ್ಲುಕೆ ಕಣತ್ಗೆ," ಎಂದ ಮೈದುನ ಬಸವಯ್ಯ. "ಅಣ್ಣ ಇನ್ನೆಲ್ಗೂ ಓಡೋಗಕಿಲ್ಲ."

"ಓಡೋಗೋ ಕಾಲ್ದಲ್ಲಿ ಕಟ್ಟಾಕ್ಬೇಕಿತ್ತು."

ನೆರೆಮನೆಯ ಶಶಿರೇಖಾ ಪಕ್ಕದವಳ ಕಿವಿಗೆ ಬಾಗಿದಳು. "ಕಟ್ಟೆಯವ್ಳು ಬಂದವ್ಳೆ ಕಣಮ್ಮಿ."

* * *

ವರ್ಷಗಳ ಹಿಂದೆ ಬಂಡೀಪುರದ ಕಾಡಿನ ಕೆರೆ, ಹಳ್ಳ, ಹೊಳೆಗಳ ನಕ್ಷೆ ಮಾಡಲು ಸರ್ವೆಯವರು ಬಂದಾಗ ಶಿವರುದ್ರಮ್ಮನ ಗಂಡ ಮರಿಮಲ್ಲಪ್ಪ ಅಳತೆ ಕೋಲು ಹಿಡಿಯಲು ಹೋದ. ಡೇರೆಯಲ್ಲಿ ಅಡುಗೆಗಿದ್ದವಳು ರಾಚಮ್ಮ. ಎರಡು ಬೇಸಿಗೆ ಅವನು ಉಂಡದ್ದು ಅವಳ ಕೈಯೂಟ.

ನಕ್ಷೆ ಪಂಚಾಯ್ತಿ ಗೋಡೆಗೆ ಬಂತು. ಮೋಯಾರ್ ಹೊಳೆಗೆ ಸೇರುವ ಹಳ್ಳವೊಂದರ ತಲೆಯಲ್ಲಿ ಹುರುಳಿಕಾಳಿನಷ್ಟು ನೀಲಿ, ಪಕ್ಕದಲ್ಲಿ 'ರಾಚಮ್ಮನ ಕಟ್ಟೆ'. ಹೆಸರಿಟ್ಟವನು ಮರಿಮಲ್ಲಪ್ಪನೇ ಎಂದು ಊರೆಲ್ಲ ನಕ್ಕಿತು. ಶಿವರುದ್ರಮ್ಮ ಕೇಳಿದರೆ, "ಏನೋ ಆಗೋಯ್ತು ಬುಡು" ಎಂದನೇ ಹೊರತು ಬೇರೆ ಮಾತಿಲ್ಲ.

ಅಂದಿನಿಂದ ಸಾರು ಬಡಿಸುವಾಗಲೆಲ್ಲ ಅವಳದು ಒಂದೇ ಪ್ರಶ್ನೆ. "ಕಾಡಿನ್ ಸಾರಿನಂಗದಾ?"

ಅವನು ತಲೆ ಬಗ್ಗಿಸಿ ಉಣ್ಣುತ್ತಿದ್ದ.

* * *

ಹೊಲದ ಅಂಚಿನ ಗುಂಡಿಯೊಳಗೆ ಅವನನ್ನು ಕೂರಿಸಿ ಆಗಿತ್ತು. "ಪತ್ರೆ ಹಾಕೋರು ಬನ್ನಿ," ಎಂದರು ಕ್ರಿಯೆ ಮಾಡಿಸುತ್ತಿದ್ದ ಗುರುಮಲ್ಲಯ್ಯನವರು. ಬಿಲ್ವದ ಎಲೆ ಹಿಡಿದು ಬಂದ ರಾಚಮ್ಮನಿಗೆ ಶಿವರುದ್ರಮ್ಮ ಅಡ್ಡ ನಿಂತಳು.

"ನೀನ್ಯಾಕೆ?"

"ಒಂದ್ಮಾತು ಹೇಳ್ಬುಟ್ಟು ಓಯ್ತೀನಿ ಕಣಕ್ಕ. ಆ ಕಟ್ಟೆಗೆ ಹೆಸ್ರಿರ್ನಿಲ್ಲ. 'ನಿನ್ ಹೆಂಡ್ತಿ ಹೆಸ್ರೇ ಇಡನ, ಏನೇಳು' ಅಂದ್ರು ಸರ್ವೆ ಸಾಹೇಬ್ರು. ಅಷ್ಟು ಜನದ್ ಮುಂದೆ ಹೆಂಡ್ತಿ ಹೆಸ್ರು ಹೇಳಕ್ಕೆ ನಾಚ್ಕೊಂಡು ಬಾಯೇ ಬುಡ್ನಿಲ್ಲ ನಿನ್ ಗಂಡ. ಹೊತ್ತಾಯ್ತು ಅಂತ, ಅಲ್ಲೇ ನೀರು ಮೊಗೀತಿದ್ದ ನನ್ನೆಸ್ರು ಬರ್ಕೊಂಡ್ರು."

"ಇಷ್ಟ್ ವರ್ಸ ಯಾಕೇಳ್ನಿಲ್ಲ?"

ರಾಚಮ್ಮ ಎಲೆಯ ತೊಟ್ಟು ಮುರಿದಳು. "ಮನ್ಸ ನಿನ್ನವ್ನಾಗಿದ್ದ. ಹೇಳಿದ್ರೆ ಕಟ್ಟೇನೂ ನಿಂದಾಗೋದು."

ಆ ನೀರು ತನ್ನದಾಗಬೇಕಿತ್ತು ಅನ್ನಿಸಿತು ಶಿವರುದ್ರಮ್ಮನಿಗೆ. ಇವತ್ತು ಸಂಜೆಯೂ ಆನೆಗಳು ಇಳಿಯುವುದು ಇವಳ ಹೆಸರಿನ ನೀರಿಗೆ. ನಾಳೆಯೂ.

"ಹಾಕು," ಎಂದು ಪಕ್ಕಕ್ಕೆ ಸರಿದಳು ಶಿವರುದ್ರಮ್ಮ.

ರಾಚಮ್ಮ ಬಗ್ಗಿ ಅವನ ಮಡಿಲಿಗೆ ಪತ್ರೆ ಹಾಕಿ ಹಿಂದೆ ಸರಿದಳು. ಶಿವರುದ್ರಮ್ಮ ಗುರುಮಲ್ಲಯ್ಯನವರ ಕೈಯಿಂದ ವಿಭೂತಿಯ ತಟ್ಟೆಯನ್ನೇ ತೆಗೆದುಕೊಂಡು ಗುಂಡಿಯ ಅಂಚಿಗೆ ಮಂಡಿಯೂರಿದಳು. ಹಿಡಿ ಹಿಡಿಯಾಗಿ ಅವನ ಮಡಿಲಿಗೆ ಸುರಿದಳು, ಎಲ್ಲಿಯೂ ಒಂದೆಳೆ ಹಸಿರು ಕಾಣದಷ್ಟು.